ಮೂರನೆಯ ಅರ್ಥ

ನಿಘಂಟು ಕಚೇರಿಯಲ್ಲಿ ಎಲ್ಲರಿಗೂ ಅವಳು ಚೀಟಿಯಕ್ಕ. ಇಪ್ಪತ್ತೊಂಬತ್ತು ವರ್ಷ ಮಾಡಿದ್ದು ಒಂದೇ ಕೆಲಸ: ಜನರ ಬಾಯಲ್ಲಿ ಓಡಾಡುವ ಇಂಗ್ಲಿಷ್ ಮಾತುಗಳನ್ನು ಹಿಡಿದು, ಯಾರು ಯಾರಿಗೆ ಯಾವಾಗ ಅಂದರು ಎಂದು ಚೀಟಿಯಲ್ಲಿ ಬರೆದು, ಡಬ್ಬಗಳಲ್ಲಿ ಜೋಡಿಸುವುದು. ಚೀಟಿಯಿಲ್ಲದೆ ಒಂದು ಅರ್ಥವೂ ಅಚ್ಚಿಗೆ ಹೋಗುವ ಹಾಗಿಲ್ಲ. ಬೈಗುಳಕ್ಕೂ ಅವಳು ಮೂಗು ಮುರಿದವಳಲ್ಲ. ಬಸ್ಸಿನಲ್ಲಿ ಯಾರಾದರೂ ಜಗಳ ತೆಗೆದರೆ, ಇಳಿಯುವ ಸ್ಟಾಪು ಹೋದರೂ ಕಿವಿ ಕೊಟ್ಟು ಕೂತವಳು.

ಅಂಥವಳಿಗೂ ಆ ದಿನ ಒಬ್ಬನ ಮೇಲೆ ಹೇಸಿಗೆ ಹುಟ್ಟಿತು. ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಮ್ಯಾನೇಜರು, ಮಗುವಿಗೆ ಜ್ವರವೆಂದು ರಜೆ ಕೇಳಿದ ಟೈಪಿಸ್ಟ್ ಹೆಂಗಸನ್ನು, ಅಲ್ಲಿಯ ಅಷ್ಟೂ ಜನ ಓದುವ ಮೊಬೈಲ್ ಗುಂಪಿನಲ್ಲಿ ‘ಬಿಚ್’ ಎಂದಿದ್ದ. ಆಕೆ ದೂರು ಕೊಟ್ಟಳು. ವಿಚಾರಣೆಗೆ ಆ ಮಹಾಶಯ ಹೊತ್ತು ತಂದದ್ದು ಚೀಟಿಯಕ್ಕನ ನಿಘಂಟನ್ನೇ. ಒಂದನೆಯ ಅರ್ಥ, ಹೆಣ್ಣು ನಾಯಿ. ಎರಡನೆಯದು, ಹೆಂಗಸನ್ನು ಹೀನಾಯವಾಗಿ ಬಯ್ಯುವ ಮಾತು. ಮೂರನೆಯದು, ಆಪ್ತರಲ್ಲಿ ಸಲಿಗೆಯಿಂದ, ಮೆಚ್ಚಿಕೊಂಡು ಕರೆಯುವ ಮಾತು. ತಾನಂದದ್ದು ಮೂರನೆಯದು ಎಂದು ಸಾಧಿಸಿದ. ಅವನ ಮಾತು ಗೆದ್ದರೆ ಸುಳ್ಳು ದೂರಿನ ನೆಪದಲ್ಲಿ ಆಕೆಯ ಕೆಲಸ ಹೋಗುತ್ತದೆ. ಆ ಅರ್ಥಕ್ಕೆ ಆಧಾರ ತೋರಿಸಲು ಡಬ್ಬದೊಡನೆ ಬರುವಂತೆ ಚೀಟಿಯಕ್ಕನಿಗೆ ಕರೆ ಬಂತು.

ಥೂ, ಅವನ ನಗುವೇ! ಹಲ್ಲಿನ ಸಂದಿಗೆ ಕಡ್ಡಿ ಹಾಕಿಕೊಂಡು, ಎಲ್ಲ ತಮ್ಮ ಪುಸ್ತಕದ ಕೃಪೆ ಎಂದು ಅವಳಿಗೇ ಬೆಣ್ಣೆ ಹಚ್ಚಲು ಬಂದ. ಟೈಪಿಸ್ಟ್ ತಲೆಯೆತ್ತದೆ ಮೂಲೆಯಲ್ಲಿ ಕೂತಿದ್ದಳು. ಚೀಟಿಯಕ್ಕ ಸೊಪ್ಪು ಹಾಕಲಿಲ್ಲ. ಯಾರೋ ಗೆಳತಿಯರಿಬ್ಬರು ನಗುನಗುತ್ತಾ ಅಂದುಕೊಂಡದ್ದಿರುತ್ತದೆ, ಚೀಟಿ ಓದಿದರೆ ಇವನ ಬಾಯಿ ತಾನಾಗಿ ಮುಚ್ಚುತ್ತದೆ ಎಂದುಕೊಂಡು ಡಬ್ಬ ತೆರೆದಳು.

ಆ ಅರ್ಥಕ್ಕೆ ಇದ್ದದ್ದು ಒಂದೇ ಚೀಟಿ. ಕೆಲಸಕ್ಕೆ ಸೇರಿದ ವರ್ಷದ ಅವಳದೇ ದುಂಡು ಅಕ್ಷರ. ಕಣ್ಣಾಡಿಸಿದವಳು ಚೀಟಿಯನ್ನು ಮತ್ತೆ ಡಬ್ಬದೊಳಗೆ ಅರ್ಧ ಇಳಿಸಿದಳು. ಸಿಗಲಿಲ್ಲ ಎಂದುಬಿಡಬಹುದಿತ್ತು, ಯಾರು ಕೇಳುತ್ತಿದ್ದರು? ಆದರೂ ಗಟ್ಟಿಯಾಗಿ ಓದಿದಳು. ಅಂದವರು, ನಿಘಂಟಿನ ಸಂಪಾದಕರು. ಅನ್ನಿಸಿಕೊಂಡವಳು, ಕಿರಿಯ ಸಹಾಯಕಿ. ಸಂದರ್ಭ, ಆಕೆ ಸಂಪಾದಕರ ತಪ್ಪನ್ನು ಎಲ್ಲರೆದುರು ತೋರಿಸಿದ್ದು. ಷರಾ, ಅನ್ನಿಸಿಕೊಂಡವಳು ನಕ್ಕಳು, ಆದ್ದರಿಂದ ಮೆಚ್ಚುಗೆ.

ಮ್ಯಾನೇಜರು ಮೇಜು ಕುಟ್ಟಿದ. ನಮ್ಮ ಟೈಪಿಸ್ಟೂ ಉತ್ತರವಾಗಿ ನಗುವ ಮುಖದ ಚಿತ್ರ ಕಳಿಸಿದ್ದಾಳೆ, ನೋಡಿ ಎಂದು ಮೊಬೈಲು ತೋರಿಸಿದ.

“ನಕ್ಕವಳು ನಾನೇ ಸ್ವಾಮಿ,” ಎಂದಳು ಚೀಟಿಯಕ್ಕ. ಅವನ ಮೇಲಿದ್ದ ಹೇಸಿಗೆಯೆಲ್ಲ ಈಗ ತನ್ನ ಮೇಲೇ ಬಂದು ಕೂತಿತ್ತು. “ಸೇರಿ ನಾಲ್ಕು ತಿಂಗಳಾಗಿತ್ತು. ಮನೇಲಿ ದುಡಿಯೋರು ಬೇರೆ ಯಾರೂ ಇರ್ಲಿಲ್ಲ. ಅಳೋ ಹಾಗಿರ್ಲಿಲ್ಲ, ಅದಕ್ಕೆ ನಕ್ಕೆ. ಆಮೇಲೆ ಕೂತ್ಕೊಂಡು ಮೆಚ್ಚುಗೆ ಅಂತ ಬರೆದೆ. ಮಾರನೇ ದಿನ ಅಲ್ಲಿಗೇ ಹೋಗ್ಬೇಕಿತ್ತಲ್ಲ.”

ವಿಚಾರಣೆಯ ಅಧಿಕಾರಿ ಮೂಲೆಯತ್ತ ತಿರುಗಿ, ನೀವೇಕಮ್ಮ ನಕ್ಕಿರಿ ಎಂದು ಕೇಳಿದರು. ಇಷ್ಟು ಹೊತ್ತಾದರೂ ಅದನ್ನು ಯಾರೂ ಕೇಳಿರಲಿಲ್ಲ.

“ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಿತ್ತು ಸಾರ್,” ಎಂದಳು ಟೈಪಿಸ್ಟ್. “ರಜ ಇನ್ನೂ ಕೊಟ್ಟಿರ್ಲಿಲ್ಲ.”

ಅಧಿಕಾರಿ ನಿಘಂಟು ಮುಚ್ಚಿ ಮ್ಯಾನೇಜರನ ಕಡೆ ತಳ್ಳಿ, ದೂರು ನಿಜವೆಂದು ಬರೆದುಕೊಂಡರು.