ಅರಿಶಿನ ಹಚ್ಚಿದ ಡಾಲರು

ಮೊನ್ನೆ ವರಮಹಾಲಕ್ಷ್ಮಿ ಹಬ್ಬಕ್ಕೆಂದು ದೇವರ ಮನೆಯ ಬೆಳ್ಳಿ ಡಬ್ಬಿ ತೆಗೆದೆ. ಮುಚ್ಚಳ ತೆರೆಯುತ್ತಲೇ ಅರಿಶಿನ, ಪಚ್ಚಕರ್ಪೂರ, ಹಳೇ ಕಾಗದ ಮೂರೂ ಬೆರೆತ ವಾಸನೆ ಬಂತು. ಒಳಗೆ ಮಡಿಸಿಟ್ಟ ನೂರು ಡಾಲರಿನ ನೋಟು. ಮೂಲೆಗಳೆಲ್ಲ ಹಳದಿ, ನಡುವೆ ಕುಂಕುಮದ ಬೊಟ್ಟು. ಡಬ್ಬಿ ನನ್ನದು, ನೋಟು ಮಾತ್ರ ಎದುರು ಮನೆಯ ಟೀಚರಮ್ಮನದು...

ನಾನು ಚಿಕ್ಕಬಳ್ಳಾಪುರದ ಈ ಬೀದಿಗೆ ಸೊಸೆಯಾಗಿ ಬಂದಾಗ ಅವರು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದರು. ಅದಕ್ಕೂ ಕೆಲವು ವರ್ಷ ಮೊದಲು, ರೇಷ್ಮೆ ಹುಳು ಸಾಕುವುದನ್ನು ನೋಡಿ ಕಲಿಯಲು ಶಿಡ್ಲಘಟ್ಟದ ಕಡೆ ಓಡಾಡುತ್ತಿದ್ದ ಅಮೆರಿಕದ ಹೆಂಗಸೊಬ್ಬರು ಅವರ ಮನೆಯಲ್ಲಿ ಇದ್ದರಂತೆ. ದಿನಾ ಮುದ್ದೆ, ಬಸ್ಸಾರು ಉಂಡು, ಹೊರಡುವಾಗ ಕೈಗಿಟ್ಟ ನೋಟು ಅದು. ಟೀಚರಮ್ಮ ಅದನ್ನು ಖರ್ಚು ಮಾಡಲಿಲ್ಲ. ಕೈಲಾಸ, ಮಾನಸ ಸರೋವರ ನೋಡಬೇಕೆಂದು ಹರಕೆ ಹೊತ್ತು ಕಳಶದ ಮುಂದಿಟ್ಟರು. ಆ ಯಾತ್ರೆಯಲ್ಲಿ ಗಡಿಯಾಚೆಯ ಖರ್ಚನ್ನು ಡಾಲರಿನಲ್ಲೇ ಕೊಡಬೇಕೆಂದು ಅವರು ಆಗಲೇ ವಿಚಾರಿಸಿಕೊಂಡಿದ್ದರು.

ಹಾಗಾಗಿ ಅವರ ಮನೆಯ ಅರಿಶಿನ ಕುಂಕುಮಕ್ಕೆ ಒಂದು ಪದ್ಧತಿ ಬೆಳೆದಿತ್ತು. ಆರತಿ ಆದಮೇಲೆ ನೋಟಿಗೆ ಅರಿಶಿನ ಹಚ್ಚಿ, ಅವತ್ತಿನ ಪೇಪರಿನಲ್ಲಿದ್ದ ಡಾಲರಿನ ಬೆಲೆ ಓದುತ್ತಿದ್ದರು. ಆಮೇಲೇ ಕೋಸಂಬರಿ.

"ಕೋಸಂಬರಿ ತಿನ್ನೋಕ್ ಬಂದ್ರೆ ಇಲ್ಲೂ ಪಾಠ ಶುರು ಮಾಡ್ತಾಳಮ್ಮ ಈವಮ್ಮ" ಎಂದು ನಮ್ಮ ಅತ್ತೆ ಗೊಣಗುತ್ತಿದ್ದರು. ಆದರೆ ಒಂದು ವರ್ಷವೂ ತಪ್ಪಿಸಿಕೊಂಡವರಲ್ಲ.

ನನ್ನ ಮೊದಲ ಹಬ್ಬಕ್ಕೆ ತಿಂಗಳ ಹಿಂದಷ್ಟೇ, ಮೂರೇ ದಿನದಲ್ಲಿ ಎರಡು ಸಲ ರೂಪಾಯಿ ಬೆಲೆ ಇಳಿಸಿದ್ದರು. ಟೀಚರಮ್ಮ ಚಾಪೆಯ ಮೇಲೆ ಕೂತು ಕಥೆಯಂತೆ ಹೇಳಿದರು. "ನಾನು ಲಂಗ ಉಡೋವಾಗ ಡಾಲರ್‌ಗೆ ನಾಲ್ಕು ಮುಕ್ಕಾಲು ರೂಪಾಯಿ. ಆಮೇಲೆ ರಾತ್ರೋರಾತ್ರಿ ಏಳೂವರೆ ಮಾಡಿದ್ರು. ಈ ನೋಟು ಬಂದಾಗ ಹನ್ನೆರಡೂವರೆ."

"ಈಗ ಇಪ್ಪತ್ತೈದು" ಎಂದೆ ನಾನು, ಗೊತ್ತಿದೆ ಎಂದು ತೋರಿಸಿಕೊಳ್ಳಲು.

"ಪೈಸೆ ಬಿಡಬೇಡ ಕಣೇ. ಜಾರೋದು ಪೈಸೆಯಿಂದ್ಲೇ."

"ನಮ್ಮ ದುಡ್ಡು ಹಿಂಗೆ ಇಳೀತಾ ಇದ್ರೆ ನಾಚ್ಕೆ ಅಲ್ವಾ?"

"ಯಾಕೆ ನಾಚ್ಕೆ? ಚಿಂತಾಮಣಿ ಮಾರ್ಕೆಟ್‌ನಲ್ಲಿ ಟೊಮೇಟೊ ಕೇಳೋರು ಜಾಸ್ತಿಯಾದ್ರೆ ಬೆಲೆ ಏರಲ್ವಾ? ಡಾಲರ್ ಕೇಳೋರು ಜಾಸ್ತಿ, ಅಷ್ಟೇ. ದುಡ್ಡಿನ ಬೆಲೆ ಇಳಿದ್ರೆ ನೀನ್ಯಾಕಮ್ಮ ತಲೆ ತಗ್ಗಿಸ್ತೀಯ?"

ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟ ನನಗೆ ಆ ಚಾಪೆಯೇ ಕಾಲೇಜಾಯಿತು. ಮಗಳು ಹುಟ್ಟಿದ ವರ್ಷ ಮೂವತ್ತೊಂದು ರೂಪಾಯಿ ಮೂವತ್ತೇಳು ಪೈಸೆ ಎಂಬುದು ಈಗಲೂ ಬಾಯಲ್ಲಿದೆ. ಮರುವರ್ಷವೂ ಅಲ್ಲೇ ನಿಂತಿತ್ತು. "ನಿನ್ ಮಗಳು ಹಿಡ್ಕೊಂಡಿದಾಳೆ ಕಣೇ" ಎಂದು ನಕ್ಕಿದ್ದರು.

ವರ್ಷ ವರ್ಷವೂ ಯಾತ್ರೆಗೆ ಅರ್ಜಿ ಹಾಕುತ್ತಿದ್ದರು. ಲಾಟರಿ ಎತ್ತಿದಾಗ ಹೆಸರು ಬರುತ್ತಿರಲಿಲ್ಲ. ಕೊನೆಗೆ ಅರವತ್ತೊಂಬತ್ತನೇ ವಯಸ್ಸಿನಲ್ಲಿ ಬಂತು. ಎಪ್ಪತ್ತು ದಾಟಿದವರನ್ನು ಕಳಿಸುವುದಿಲ್ಲ. ಆ ಸಲ ತಪ್ಪಿದರೆ ಹರಕೆ ಹಾಗೇ ಉಳಿದುಬಿಡುತ್ತಿತ್ತು. ಕಾಲಿಗೆ ಅಭ್ಯಾಸವಾಗಲಿ ಎಂದು ಬೆಳಗಿನ ಬಸ್ಸಿಗೆ ಕಳವಾರಕ್ಕೆ ಹೋಗಿ, ಶೂ ಹಾಕಿಕೊಂಡ ಹುಡುಗರ ನಡುವೆ ಕಚ್ಚೆ ಸೀರೆಯಲ್ಲಿ ಸ್ಕಂದಗಿರಿ ಹತ್ತುತ್ತಿದ್ದರು.

ಆದರೆ ಹಿಂದಿನ ಹಬ್ಬದಲ್ಲಿ ನಲವತ್ತೈದಿದ್ದ ಡಾಲರು ಜೂನಿನ ಹೊತ್ತಿಗೆ ಐವತ್ತೈದು ದಾಟಿತು. ಕೂಡಿಟ್ಟ ಪಿಂಚಣಿ ದುಡ್ಡು ಸಾಲದಾಯಿತು. "ಅದಕ್ಕೇ ಅಲ್ವಾ ಲಕ್ಷ್ಮಿ ಕೂತಿರೋದು" ಎಂದು ನೋಟನ್ನು ಸೆರಗಿಗೆ ಕಟ್ಟಿಕೊಂಡರು. ಇದ್ದ ದುಡ್ಡಿಗೆ ಡಾಲರು ಕೊಂಡು, ಈ ನೋಟೂ ನಡೆಯುತ್ತದೆಯೇ ಎಂದು ಕೇಳಲು ಬೆಂಗಳೂರಿಗೆ ಹೊರಟಾಗ ಜೊತೆಗೆ ನಾನೂ ಹೋದೆ.

ಹಣ ಬದಲಾಯಿಸುವ ಅಂಗಡಿಯವನು ನೋಟನ್ನು ಬೆಳಕಿಗೆ ಹಿಡಿದು ಕೆಳಗಿಟ್ಟ. "ಮೇಡಂ, ಕಲೆ ಆಗಿರೋ ನೋಟು ತಗೊಳ್ಳಲ್ಲ. ಗಡಿಯಾಚೆಗೂ ನಡಿಯಲ್ಲ."

"ಕಲೆ ಅಲ್ಲಪ್ಪ, ಅರಿಶಿನ."

"ನಮ್ಗೆ ಎರಡೂ ಒಂದೇ ಮೇಡಂ."

ವರ್ಷಾವರ್ಷ ಭಕ್ತಿಯಿಂದ ಹಚ್ಚಿದ ಅರಿಶಿನವೇ ನೋಟನ್ನು ಕೆಡಿಸಿತ್ತು. ಟೀಚರಮ್ಮ ನೋಟನ್ನು ಕಣ್ಣಿಗೊತ್ತಿಕೊಂಡು ಮತ್ತೆ ಸೆರಗಿಗೆ ಕಟ್ಟಿದರು. ಬಸ್ಸಿನಲ್ಲಿ ನಾನು, "ಈ ತಿಂಗಳ ಚೀಟಿ ದುಡ್ಡು ನಂಗೇ ಬಂದಿದೆ, ತಗೊಳ್ಳಿ" ಎಂದೆ.

"ಹರಕೆ ನಂದು ಕಣೇ. ನಿನ್ ಚೀಟಿ ಯಾಕೆ ಬೆಟ್ಟ ಹತ್ತಬೇಕು?" ಎಂದವರು ಊರಿಗೆ ಬಂದಿಳಿದು ನೇರ ಚಿನ್ನದಂಗಡಿಗೆ ನಡೆದರು. ಹೊರಬಂದಾಗ ಕೈಯಲ್ಲಿ ಚಿನ್ನದ ಬಳೆಗಳಿರಲಿಲ್ಲ, ಗಾಜಿನವಷ್ಟೇ. ಕೈ ಆಡಿಸಿ ತೋರಿಸಿದರು. "ನೋಡು, ಹಗುರಾಯ್ತು. ಹತ್ತೋಕೆ ಸಲೀಸು."

ಹೋಗುವ ಮುನ್ನ ನೋಟನ್ನು ನನಗೆ ಕೊಟ್ಟು, "ನಾನು ಬರೋವರ್ಗೂ ನಿಮ್ಮನೇಲಿ ಕೂತಿರ್ಲಿ" ಎಂದರು. ಆ ಅಷ್ಟೂ ದಿನ ಅದರ ಮುಂದೆ ದೀಪ ಆರದಂತೆ ನೋಡಿಕೊಂಡೆ. ಟೀಚರಮ್ಮ ಪರಿಕ್ರಮ ಪೂರ್ತಿ ನಡೆದು, ಮುಖ ಕಪ್ಪಾಗಿ, ತುಟಿ ಒಡೆದು ಬಂದರು. ಮಾನಸ ಸರೋವರದ ನೀರನ್ನು ಮನೆಗೊಂದು ಉದ್ಧರಣೆಯಂತೆ ಬೀದಿಗೆಲ್ಲ ಹಂಚಿದರು. ನಮ್ಮ ಬೀದಿಯ ಹೆಂಗಸೊಬ್ಬರು ತಮ್ಮ ಬಳೆ ಮಾರಿ, ತಮ್ಮ ಕಾಲಲ್ಲೇ ಕೈಲಾಸಕ್ಕೆ ಹೋಗಿಬಂದರು ಎಂದು ನಾನು ತವರಿನಲ್ಲಿ, ಮದುವೆ ಮನೆಗಳಲ್ಲಿ ಎಷ್ಟು ಸಲ ಹೇಳಿದ್ದೇನೋ! ನೋಟು ಹಿಂದಕ್ಕೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ನನ್ ಕೆಲಸ ಆಯ್ತು. ಇನ್ಮೇಲೆ ನೀನು ಓದು."

ಅವರು ಹೋಗಿ ಮೂರು ವರ್ಷವಾಯಿತು... ನಿದ್ದೆಯಲ್ಲೇ ಹೋದರು, ಯಾರ ಕೈಯಲ್ಲೂ ಒಂದು ಲೋಟ ನೀರು ತರಿಸಿಕೊಳ್ಳಲಿಲ್ಲ. ದೇವರು ಅಷ್ಟು ಕರುಣೆ ತೋರಿಸಿದ.

ಈ ಸಲ ಅವರ ಮನೆಗೆ ಬಾಡಿಗೆಗೆ ಬಂದಿರುವ ಹೊಸ ಮದುಮಗಳು ಅರಿಶಿನ ಕುಂಕುಮಕ್ಕೆ ಬಂದಿದ್ದಳು. ನೋಟು ನೋಡಿ ಕಣ್ಣರಳಿಸಿದಳು. "ಆಂಟಿ, ಚೇಂಜ್ ಮಾಡಿಸಿದ್ರೆ ಎಂಟು ಸಾವಿರದ ಮೇಲೆ ಬರುತ್ತೆ!"

"ಯಾರೂ ತಗೊಳ್ಳಲ್ಲ ಕಣಮ್ಮ. ಅರಿಶಿನ ಹಚ್ಚಿದೀವಿ" ಎಂದೆ. ಹಾಗೆ ಹೇಳುವಾಗ ನನಗೆ ಎಲ್ಲಿಲ್ಲದ ಹೆಮ್ಮೆ.

ಆರತಿ ಮುಗಿಸಿ, "ಇವತ್ತು ಎಂಬತ್ತೇಳು ರೂಪಾಯಿ" ಎಂದೆ. ಹೇಳಿ, ಅಭ್ಯಾಸಬಲದಿಂದ ಒಂದು ಗಳಿಗೆ ಸುಮ್ಮನೆ ಕಾದೆ... ಯಾರೂ ತಿದ್ದಲಿಲ್ಲ. ಎದ್ದು ಪೇಪರ್ ತಂದು, ಕನ್ನಡಕ ಹಾಕಿಕೊಂಡು, ಪೈಸೆಯನ್ನೂ ಓದಿದೆ. ಆಮೇಲೇ ಕೋಸಂಬರಿ ಹಂಚಿದೆ.