ಗಂಜಿಯಲ್ಲಿ ಕಾಣದ ತುಪ್ಪ

ಕುಂದಾಪುರದ ಕಡೆಯ ಸದಾನಂದರು ಎಗ್ಮೋರಿನ ಸಸ್ಯಾಹಾರಿ ಹೋಟೆಲೊಂದರ ಅಡುಗೆಮನೆಗೆ ಸೇರಿದ್ದು ೧೯೭೯ರ ಜೂನ್ ೧೧, ಸೋಮವಾರದಂದು. ತನ್ನ ಕೈಯಡುಗೆ ಉಂಡು ಯಾರಿಗೂ ಒಂದು ದಿನ ಹೊಟ್ಟೆ ಕೆಟ್ಟದ್ದಿಲ್ಲವೆಂದು ನಲವತ್ತನಾಲ್ಕು ವರ್ಷ ಹೇಳಿಕೊಂಡು ಬಂದವರು ಅವರು.

ಹೆಂಡತಿ ಅಕ್ಕು ತೀರಿಕೊಂಡ ಮೇಲೆ ಕ್ರೋಂಪೇಟೆಯ ಮನೆಯಲ್ಲಿ ಉಳಿದವರು ಅವರು ಮತ್ತು ಮಗಳು ಸಮೀಕ್ಷಾ; ಆಕೆ ಅಲ್ಲಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಧ್ಯಾಪಕಿ. ರಕ್ತದ ಕ್ಯಾನ್ಸರಿಗೆಂದು ೨೦೨೨ರ ಫೆಬ್ರವರಿ ೮ರಂದು ಆಕೆಗೆ ತಂದೆಯ ಅಸ್ಥಿಮಜ್ಜೆಯನ್ನೇ ಕೊಟ್ಟರು. ಕ್ಯಾನ್ಸರೇನೋ ಹೋಯಿತು. ಆದರೆ ತಂದೆಯಿಂದ ಬಂದ ರಕ್ತಕಣಗಳು ಮಗಳ ಮೈಯನ್ನೇ ಪರಕೀಯವೆಂದು ಬಗೆದು ಅದರ ಮೇಲೆ ತಿರುಗಿಬಿದ್ದವು. ಚರ್ಮ ಗಡುಸಾಯಿತು, ಬಾಯಿ ಒಂದು ಬೆರಳಿಗಿಂತ ಹೆಚ್ಚು ತೆರೆಯದಾಯಿತು, ರುಚಿ ವಾಸನೆಗಳೂ ತಿಳಿಯದಾದವು.

೨೦೨೪ರ ಜನವರಿ ೮ರಿಂದ ಆಸ್ಪತ್ರೆಯೊಂದರಲ್ಲಿ ಬೆಳಕಿನ ಚಿಕಿತ್ಸೆ ಪ್ರಾರಂಭವಾಯಿತು. ರಕ್ತವನ್ನು ಯಂತ್ರಕ್ಕೆ ಹರಿಸಿ, ಬಿಳಿಯ ಕಣಗಳನ್ನು ಬೇರ್ಪಡಿಸಿ, ಔಷಧ ಬೆರೆಸಿ, ಅತಿನೇರಳೆ ಬೆಳಕು ತೋರಿಸಿ, ಮರಳಿ ಮೈಗೆ ಸೇರಿಸುವ ಕ್ರಮ ಅದು. ಬೆಳಕಿನ ಅಳತೆಯನ್ನು ಆಯಾ ರೋಗಿಯ ರಕ್ತಕ್ಕೆ ಹೊಂದಿಸಿದರೆ ಹೆಚ್ಚು ಗುಣವಾದೀತೇ ಎಂದು ಹನ್ನೆರಡು ಮಂದಿಯ ಮೇಲೆ ಪ್ರಯೋಗ ನಡೆದಿತ್ತು, ಸಮೀಕ್ಷಾ ಅವರಲ್ಲೊಬ್ಬಳು. ಮೈಸೂರಿನ ಕಡೆಯ ಡಾಕ್ಟರ್ ಪ್ರಣಮ್ಯಾ ಮೊದಲ ದಿನವೇ ಎಚ್ಚರಿಸಿದ್ದರು: “ನೋಡಿ ಸಾರ್, ಹಿಂದಿನ ರಾತ್ರಿಯಿಂದ ಎಣ್ಣೆ, ತುಪ್ಪ ಏನೂ ಬೇಡ. ರಕ್ತದಲ್ಲಿ ಜಿಡ್ಡು ತೇಲಿದ್ರೆ ಬೆಳಕು ಒಳಕ್ಕೆ ಹೋಗಲ್ಲ.”

“ಆಯ್ತಮ್ಮ, ಬರೀ ಗಂಜಿಯೇ ಕೊಡ್ತೆ.”

ಹತ್ತು ವಾರಗಳಲ್ಲಿ ಬಾಯಿ ಎರಡು ಬೆರಳು ತೆರೆಯಿತು. “ಅಪ್ಪಾ, ಪಾರುಂಗ! ನೋಡಿ, ಇಡ್ಲಿ ತುಂಡು ಸಲೀಸಾಗಿ ಹೋಯ್ತು!” ಎಂದು ಮಗಳು ನಕ್ಕಳು. ಆದರೆ ಆಕೆಯ ತೂಕ ಮೂವತ್ತೆಂಟು ಕಿಲೋ.

“ಎಂತ ಮಗಾ, ಫ್ಯಾನು ಹಾಕಿದ್ರೆ ಹಾರಿ ಹೋಗ್ತಿ ನೀನು!”

“ಈ ಸೆಖೆಗೆ ಹಾರಿ ಹೋದ್ರೇ ಒಳ್ಳೇದು, ಬಿಡಿ.”

ಆಕೆ ತಮಾಷೆಗೆ ಆಡಿದ ಮಾತು ಸದಾನಂದರಿಗೆ ನಾಟಿತು. ತುಪ್ಪ ಬಾಣಂತಿಯನ್ನೂ ಎಬ್ಬಿಸಿ ನಿಲ್ಲಿಸುವಂಥದ್ದು, ಅದರಿಂದ ಕೇಡಾದೀತೇ? ಚಿಕಿತ್ಸೆಯಿದ್ದ ಮಾರ್ಚ್ ೧೯ರ ಮಂಗಳವಾರ ಬೆಳಗ್ಗೆ ಆರು ಗಂಟೆಗೆ, ಬಿಸಿ ಗಂಜಿಗೆ ನಾಲ್ಕು ದೊಡ್ಡ ಚಮಚ ತುಪ್ಪ ಹಾಕಿ, ಕಾಣದಂತೆ ಕಡೆದು ಕೊಟ್ಟರು. ಮಗಳಿಗೆ ಗೊತ್ತಾಗಲಿಲ್ಲ.

ಹತ್ತೂವರೆಗೆ ಆಸ್ಪತ್ರೆಯಲ್ಲಿ ಯಂತ್ರ ಕೂಗಿಕೊಂಡಿತು. ಅದರ ಚೀಲದೊಳಗೆ ಹಳದಿಯಾಗಿರಬೇಕಾದ ರಕ್ತದ ತಿಳಿದ್ರವ ನೀರುಹಾಲಿನಂತೆ ಬೆಳ್ಳಗಾಗಿತ್ತು.

“ಬೆಳಗ್ಗೆ ಏನು ತಿಂದ್ರಿ?” ಪ್ರಣಮ್ಯಾ ಕೇಳಿದರು.

“ಗಂಜಿ ಮಾತ್ರ ಡಾಕ್ಟರ್. ಅಪ್ಪನೇ ಮಾಡಿದ್ದು, ಕೇಳಿ ಬೇಕಾದ್ರೆ.”

ಪ್ರಣಮ್ಯಾ ಸದಾನಂದರತ್ತ ತಿರುಗಿದರು. ನರ್ಸುಗಳಿಬ್ಬರು ನಿಂತಿದ್ದರು, ಮಗಳು ನಂಬಿ ನೋಡುತ್ತಿದ್ದಳು.

“ಹೌದು, ಗಂಜಿ,” ಎಂದರು ಸದಾನಂದರು.

ಊಟದಿಂದಲ್ಲವೆಂದ ಮೇಲೆ, ಆಕೆ ನುಂಗುತ್ತಿದ್ದ ಮಾತ್ರೆಗಳಿಂದಲೇ ರಕ್ತದಲ್ಲಿ ಜಿಡ್ಡೇರಿದೆಯೆಂದು ವೈದ್ಯರು ತೀರ್ಮಾನಿಸಿದರು. ಮಾತ್ರೆ ನಿಲ್ಲಿಸುವಂತಿರಲಿಲ್ಲ. ಜಿಡ್ಡು ಇಳಿಯದವರನ್ನು ಇರಿಸಿಕೊಳ್ಳಬಾರದೆಂಬ ನಿಯಮದಂತೆ ಮಾರ್ಚ್ ೨೬ರಂದು ಸಮೀಕ್ಷಾಳನ್ನು ಪ್ರಯೋಗದಿಂದ ಕೈಬಿಟ್ಟರು. ಏಪ್ರಿಲ್ ೧ರಂದು ಆ ಸ್ಥಾನ ಮಾಧವರಂನ ಒಬ್ಬ ಮಹಿಳೆಗೆ ಹೋಯಿತು.

ಸದಾನಂದರು ಬಾಯಿಬಿಟ್ಟದ್ದು ಏಪ್ರಿಲ್ ೩ರ ಬುಧವಾರ. ಪ್ರಣಮ್ಯಾ ಬೈಯಲಿಲ್ಲ. “ಅವತ್ತೇ ಹೇಳಿದ್ರೆ ಮಾರನೇ ದಿನ ಮತ್ತೆ ಮಾಡ್ತಿದ್ವಲ್ಲ ಸಾರ್,” ಎಂದರು, ಅಷ್ಟೆ. ಬೈದಿದ್ದರೆ ಹಗುರಾಗುತ್ತಿತ್ತು. ತುಪ್ಪ ಹಾಕಿದ್ದು ಪ್ರೀತಿಯಿಂದ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳಬಹುದಾಗಿತ್ತು. ಮುಚ್ಚಿಟ್ಟದ್ದು ಮಾತ್ರ ತನ್ನ ಕೈಯಡುಗೆಯ ಹೆಸರನ್ನು ಉಳಿಸಿಕೊಳ್ಳಲಿಕ್ಕೆ.

ಅಂದು ಸಂಜೆ ಮಗಳಿಗೂ ಹೇಳಿದರು. ತೀರಾ ನೊಂದಾಗ ಆಕೆಯ ಬಾಯಿಗೆ ಕನ್ನಡ ಬರುವುದಿಲ್ಲ, ತಮಿಳೇ ಬರುತ್ತದೆ. “ಏಂಪ್ಪಾ ಸೊಲ್ಲಲೆ?” ಎಂದಳು. ಯಾಕಪ್ಪಾ ಹೇಳಲಿಲ್ಲ?

ಜುಲೈ ೨೨ರಂದು ಬೇರೊಂದು ಆಸ್ಪತ್ರೆಯಲ್ಲಿ ಹಳೆಯ ಕ್ರಮದ ಬೆಳಕಿನ ಚಿಕಿತ್ಸೆಗೆ ಸರದಿ ಸಿಕ್ಕಿತು. ಅಲ್ಲಿ ಎಲ್ಲರಿಗೂ ಒಂದೇ ಅಳತೆ. ಅಷ್ಟರಲ್ಲಿ ಬಾಯಿ ಮತ್ತೆ ಒಂದೇ ಬೆರಳಿಗೆ ಇಳಿದಿತ್ತು. ಸದಾನಂದರು ಅಂಗಿ ಹಾಕಿಕೊಂಡು ಹೊರಟು ನಿಂತರು.

“ನೀವು ಬರೋದು ಬೇಡಪ್ಪಾ,” ಸಮೀಕ್ಷಾ ಮೆಲ್ಲಗೆ ಹೇಳಿದಳು. “ಏನು ತಿಂದೆ ಅಂತ ಅವರು ಕೇಳಿದ್ರೆ ನಾನೇ ಹೇಳ್ಕೊಳ್ತೇನೆ.”

“ಆ ಔಷಧ ಮೈಗೆ ಸೇರಿದ ಮೇಲೆ ಬಿಸಿಲು ತಾಗಬಾರ್ದಂತೆ. ಕೊಡೆ ತಕೊಂಡು ಹೋಗು ಮಗಾ.”

ಆಕೆ ಆಗಲೇ ತೆಗೆದುಕೊಂಡಿದ್ದಳು.