ಪೇಟೆಯ ದಾರಿಯಲ್ಲಿ ಎದುರಾದ ಕಾರುಗಳು

ಕಾರು ಓಡಿಸುವವರನ್ನು ಕಂಡರೆ ನನಗೆ ಆಗಲೂ ಸಿಟ್ಟು, ಈಗಲೂ ಸಿಟ್ಟು. ಸ್ಟೀರಿಂಗ್ ಕೈಗೆ ಬಂದರೆ ಸಾಕು, ರಸ್ತೆಯೆಲ್ಲ ಅವರಪ್ಪನದೇ. ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಒಂದು ಬೇಸಿಗೆಯಲ್ಲಿ, ಮೂಡಿಗೆರೆ ಹತ್ತಿರದ ನಮ್ಮ ತೋಟದಿಂದ ಚಿಕ್ಕಮಗಳೂರು ಪೇಟೆಗೆ ಹೋದಾಗ ನನಗೆ ಹನ್ನೆರಡು ವರ್ಷ. ಆ ದಿನ ಹೋಗುವಾಗ ಎದುರಾದವರ ಮುಖ ಒಂದೊಂದೂ ನೆನಪಿದೆ.

ಹೊರಟದ್ದು ತಮ್ಮನಿಗಾಗಿ. ಮೂರು ವರ್ಷದ ಮಗು, ಗಂಟಲು ಕಟ್ಟಿ ಉಸಿರು ನಿಲ್ಲಿಸುವ ಗಂಟಲುಮಾರಿ. ಬರೀ ಜ್ವರವೆಂದು ಎರಡು ದಿನ ಕಷಾಯ ಕುಡಿಸಿದ್ದೆವು. ಆ ಬೆಳಿಗ್ಗೆ ಉಸಿರೆಳೆದರೆ ಗೊರಗೊರ ಸದ್ದು. ಪೇಟೆಗೆ ಹೊಸದಾಗಿ ಬಂದ ಡಾಕ್ಟರ ಹತ್ತಿರ ಅದಕ್ಕೆ ಇಂಜೆಕ್ಷನ್ ಇದೆಯಂತೆ, ಬೇಗ ಕೊಟ್ಟರೆ ಮಗು ಉಳಿಯುತ್ತದಂತೆ ಎಂದು ತೋಟದ ಲೆಕ್ಕ ಬರೆಯುವ ರೈಟರು ಹೇಳಿದರು. ಅಪ್ಪ ಕಾರು ತೆಗೆದರು. ಹಿಂದಿನ ಸೀಟಿನಲ್ಲಿ ಅಮ್ಮ, ಅವಳ ಮಡಿಲಲ್ಲಿ ಶಾಲು ಹೊದೆಸಿದ ತಮ್ಮ. ಮುಂದೆ ನಾನು.

ಆಗ ನಮ್ಮ ಕಡೆ ಕಾರುಗಳೇ ಕಡಿಮೆ. ಕಾಫಿ ಅರಳಿಸುವ ಹೂಮಳೆಯ ಕಾಲದಲ್ಲಿ ಎರಡು ಕಾರು ಎದುರಾದರೆ ನಿಲ್ಲಿಸಿ, ಎಂಜಿನ್ ಆರಿಸಿ, ಮಳೆ ಎಷ್ಟು ಸೆಂಟು ಬಿತ್ತೆಂದು ಕೇಳಲೇಬೇಕು. ಇಂಚಿಗೆ ನೂರು ಸೆಂಟು, ಅದು ತೋಟದವರ ಲೆಕ್ಕ. ನಿಲ್ಲಿಸದೆ ಹೋದವನಿಗೆ ಸೊಕ್ಕು ಎನ್ನುತ್ತಿದ್ದರು. ಆದರೆ ಎಲ್ಲಿಗೆ ಹೊರಟಿರಿ ಎಂದು ಮಾತ್ರ ಕೇಳುವಂತಿಲ್ಲ. ಕೇಳಿದರೆ ಹೋದ ಕೆಲಸ ಕೆಟ್ಟ ಹಾಗೆ. ಹೊರಟವರೂ ಹೇಳುವಂತಿಲ್ಲ. ಕಾಯಿಲೆಯ ಮಾತನ್ನಂತೂ ದಾರಿಯಲ್ಲಿ ಎತ್ತಲೇಬಾರದು.

ಮೊದಲು ಎದುರಾದವನು ಒಬ್ಬ ಬಿಳಿ ದೊರೆ. ಬಾಯಲ್ಲಿ ಪೈಪು ಕಚ್ಚಿಕೊಂಡು, ನಮ್ಮನ್ನು ಕಂಡರೂ ಕಾಣದವನ ಹಾಗೆ ಧೂಳೆಬ್ಬಿಸಿ ಹೋದ. ಬೇರೆ ದಿನವಾಗಿದ್ದರೆ ಬೈದುಕೊಳ್ಳುತ್ತಿದ್ದೆ; ಅವತ್ತು ಅವನಿಗೆ ಕೈಮುಗಿಯಬೇಕೆನಿಸಿತು. ಆಮೇಲೆ ಪಕ್ಕದ ತೋಟದ ಗೌಡರು. ಎಮ್ಮೆಯ ಕೊಂಬು ಹಿಡಿದ ಹಾಗೆ ಸ್ಟೀರಿಂಗ್ ಹಿಡಿದು ರಸ್ತೆಯ ನಟ್ಟನಡುವೆ ಬರುತ್ತಿದ್ದರು. ಅಪ್ಪ ನಿಲ್ಲಿಸಿದರು.

“ಏನ್ ಮಾರಾಯ, ನಿಮ್ಮಲ್ಲಿ ಎಷ್ಟಾಯ್ತು?”

“ಎಪ್ಪತ್ತು ಸೆಂಟು.”

“ಅಯ್ಯೋ, ನಮಗೆ ಮೂವತ್ತೂ ಬೀಳ್ಲಿಲ್ಲ ನೋಡು. ಹಳ್ಳದ ಆಚೆ ಹೊಡೀತು, ಈಚೆ ಹನಿ ಇಲ್ಲ. ಅದೇನ್ ಪಾಪ ಮಾಡಿದ್ವೋ!”

ಮಳೆ, ಮೊಗ್ಗು, ಆಳುಗಳ ಮೇಸ್ತ್ರಿ ಓಡಿಹೋದ ಕತೆ, ಎಲ್ಲ ಆಯಿತು. ಹಿಂದಿನಿಂದ ಗೊರಗೊರ ನನಗೆ ಕೇಳುತ್ತಿದೆ. ಗೌಡರಿಗೆ ಅವರ ಮಾತೇ ಕೇಳುತ್ತಿದೆ. ಅಪ್ಪ ಗಿಯರಿನ ಮೇಲಿಂದ ಕೈ ತೆಗೆದಿರಲಿಲ್ಲ, ಮುಖದಲ್ಲಿ ಮಾತ್ರ ನಗು. ಹಾಳು ಮರ್ಯಾದೆ!

ಆಲ್ದೂರು ದಾಟಿದ ಮೇಲೆ ಒಂದು ಸಣ್ಣ ಕಾರು ಬಂತು. ಓಡಿಸುತ್ತಿದ್ದವರು ಹೊಸಬರು, ಕನ್ನಡಕದ ತುಂಬ ಧೂಳು. ಪರೀಕ್ಷೆಗೆ ಕೂತವರ ಹಾಗೆ ರಸ್ತೆಯನ್ನೇ ದಿಟ್ಟಿಸುತ್ತ, ತಿರುವು ತಿರುವಿಗೂ ಹಾರ್ನ್ ಒತ್ತುತ್ತಿದ್ದರು. ಇವರಾದರೂ ಸುಮ್ಮನೆ ಹೋಗಿಬಿಡಲಿ ದೇವರೇ ಎಂದುಕೊಂಡೆ. ಎಲ್ಲಿ? ಅವರಿಗೂ ಯಾರೋ ನಮ್ಮ ಕಡೆಯ ಪಾಠ ಹೇಳಿಕೊಟ್ಟಿದ್ದರು. ನಿಲ್ಲಿಸಿಯೇಬಿಟ್ಟರು.

“ನಮಸ್ಕಾರ. ನಿಮ್ಮ ಕಡೆ ಎಷ್ಟು ಸೆಂಟಾಯ್ತು?”

“ಎಪ್ಪತ್ತು,” ಎಂದರು ಅಪ್ಪ. ಈ ಸಲ ಅಪ್ಪ ಎಂಜಿನ್ ಆರಿಸಲಿಲ್ಲ. ಆ ಸದ್ದಿನಲ್ಲಿ ತಮ್ಮನ ಉಸಿರು ನನಗೂ ಕೇಳಲಿಲ್ಲ. ಧೂಳು ತಾಗದಿರಲೆಂದು ಅಮ್ಮ ಶಾಲನ್ನು ಅವನ ಮುಖದ ಮೇಲೆ ಎಳೆದಳು. “ಒಳ್ಳೇದಾಯ್ತು, ಬರ್ತೀನಿ,” ಎಂದು ಅವರು ಹೊರಟರು.

ಪೇಟೆಯ ದವಾಖಾನೆಯ ಬಾಗಿಲಲ್ಲಿ ಕಾಂಪೌಂಡರ್ ಒಬ್ಬನೇ ಇದ್ದ.

“ಡಾಕ್ಟ್ರು ಮೂಡಿಗೆರೆ ಕಡೆ ಹೋದ್ರಲ್ಲ, ಯಾವುದೋ ತೋಟದಲ್ಲಿ ಬಾಣಂತಿ ನೋಡೋಕೆ. ಸಣ್ಣ ಕಾರು. ದಾರೀಲಿ ಸಿಗ್ಲಿಲ್ವಾ? ಗಂಟಲುಮಾರಿ ಮದ್ದೂ ಅವ್ರ ಪೆಟ್ಟಿಗೇಲೇ ಇದೆ.”

ಅಪ್ಪ ಕಾರು ತಿರುಗಿಸಿದರು. ವಾಪಸು ಬರುವಾಗ ಎರಡು ಕಾರುಗಳು ನಿಂತವು, ಒಳಗಿದ್ದವರು ಕೈ ಎತ್ತಿದರು, ಅಪ್ಪ ನಿಲ್ಲಿಸಲಿಲ್ಲ. ಓಡಿಸುತ್ತಿದ್ದವರು ಯಾರೆಂದು ನಾನು ನೋಡಲೇ ಇಲ್ಲ, ತಮ್ಮನ ಉಗುರು ನೀಲಿಯಾಗುವುದನ್ನು ನೋಡುತ್ತಿದ್ದೆ. ತೋಟ ತೋಟದ ಗೇಟಿನಲ್ಲೂ ಸಣ್ಣ ಕಾರು ಬಂತೇ ಎಂದು ಕೇಳಿ ಕೇಳಿ, ಕೊನೆಗೆ ಒಂದು ಬಂಗಲೆಯ ಮುಂದೆ ಅದು ಕಂಡಾಗ ಮಧ್ಯಾಹ್ನ ದಾಟಿತ್ತು.

ಡಾಕ್ಟರು ಜಗಲಿಯ ಬೆಂಚಿನ ಮೇಲೇ ಮಲಗಿಸಿ ಸೂಜಿ ಚುಚ್ಚಿದರು. ಆಮೇಲೆ ಅಪ್ಪನನ್ನು ಗುರುತಿಸಿದರು.

“ಬೆಳಿಗ್ಗೆ ಸಿಕ್ಕಿದ್ದು ನೀವೇ ಅಲ್ವಾ? ಆಗ್ಲೇ ಒಂದು ಮಾತು ಅಂದಿದ್ರೆ…” ಎಂದವರು ಮತ್ತೆ ಮಗುವಿನ ನಾಡಿ ಹಿಡಿದರು.

ನಾಲ್ಕು ಗಂಟೆಯ ಹೊತ್ತಿಗೆ ತಮ್ಮ ಹೋದ. ಯಾರದೋ ಮನೆಯ ಜಗಲಿಯಲ್ಲಿ, ಗುರುತಿಲ್ಲದವರ ನಡುವೆ. ಅಪ್ಪ ಕಂಬಕ್ಕೆ ತಲೆ ಚಚ್ಚಿಕೊಂಡು, “ನಾನೇ ಕೊಂದೆ, ನಾನೇ ಕೊಂದೆ” ಎಂದು ಅಳತೊಡಗಿದರು.

ಪರಗಂಡಸರ ಮುಂದೆ ಎಂದೂ ದನಿಯೆತ್ತದ ಅಮ್ಮ ಹೇಳಿದಳು: “ಸುಮ್ನಿರಿ. ಹಿಂದಿನ ಸೀಟಲ್ಲಿ ನಾನಿದ್ದೆ. ನನಗೂ ಬಾಯಿತ್ತು.”